ಸವೆದ ಅಂಚಿನಿಂದ ಶುರುಮಾಡಿ: ಮನೆಬಳಕೆಯ ವಸ್ತು, ಚಿತ್ರ ಮತ್ತು ನೆನಪು

ದಿನನಿತ್ಯ ಕೈಗೆ ಸಿಗುವ ಪಾತ್ರೆ ಪಡಗಗಳ ಚಿತ್ರ ನೋಡುವವರ ನೆನಪನ್ನು ಹೇಗೆ ತಟ್ಟುತ್ತದೆ ಎಂದು ಹಿಂದಿನ ಸಂಚಿಕೆಯ ಟಿಪ್ಪಣಿಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರು ಬಳಸುತ್ತಿದ್ದ ಈಳಿಗೆಮಣೆ, ಕಡೆಗೋಲು, ಹಿತ್ತಾಳೆಯ ಕೊಡಪಾನ ನನ್ನ ಬಳಿ ಇವೆ. ಅವುಗಳನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಆಕಾರ ಸರಿಯಾಗಿ ಬಂದರೂ ಪಾತ್ರೆ ಅಂಗಡಿಯ ಜಾಹೀರಾತಿನ ಚಿತ್ರದಂತೆ ಕಾಣುತ್ತದೆ, ಅಮ್ಮ ಕಾಣುವುದಿಲ್ಲ. ತಪ್ಪು ಎಲ್ಲಿದೆ? (ಸಾಗರದಿಂದ ಒಬ್ಬ ಗೃಹಿಣಿ)

ಉತ್ತರ: ನೀವು ಕಳುಹಿಸಿದ ಮೂರೂ ಚಿತ್ರಗಳನ್ನು ಬಹಳ ಹೊತ್ತು ನೋಡಿದೆ. ನಿಮ್ಮ ಕೈ ಪಳಗಿದೆ, ಗೆರೆಯಲ್ಲಿ ಅಳುಕಿಲ್ಲ. ಆದರೆ ಈಳಿಗೆಮಣೆ ಎಂದರೆ ಹೀಗಿರುತ್ತದೆ ಎಂದು ಮನಸ್ಸಿನಲ್ಲಿ ಮೊದಲೇ ಇದ್ದ ರೂಪವನ್ನು ನೀವು ಬರೆದಿದ್ದೀರಿ. ಎದುರಿಗಿದ್ದ ಆ ಒಂದು ಮಣೆಯನ್ನು ಇನ್ನೂ ನೋಡಿಲ್ಲ ಎಂದು ನನಗೆ ಅನಿಸಿತು.

ಈಗ ಅದನ್ನು ಕಿಟಕಿಯ ಬಳಿ ಇಟ್ಟು ನೋಡಿ. ಹೊಸದರಲ್ಲಿ ಅಲಗಿನ ಅಗಲ ಬುಡದಿಂದ ಬಾಗಿನವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಇರುತ್ತದೆ. ವರ್ಷಗಟ್ಟಲೆ ಮಸೆದು, ಹೆಚ್ಚಿ, ಮತ್ತೆ ಮಸೆದ ಅಲಗು ನಡುವಿನಲ್ಲಿ ತೆಳುವಾಗಿ ಒಳಕ್ಕೆ ಬಾಗಿರುತ್ತದೆ. ಆ ಬಾಗು ಅಮ್ಮ ಸೌತೆಕಾಯಿಯನ್ನೂ ಬಾಳೆಕಾಯಿಯನ್ನೂ ಒತ್ತುತ್ತಿದ್ದ ಜಾಗ. ಮಣೆಯ ಮೇಲೆ ಕಾಲು ಮಡಚಿ ಅದುಮಿ ಕೂರುತ್ತಿದ್ದ ಕಡೆ ಮರ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿರಬೇಕು. ಅದರ ಇನ್ನೊಂದು ಮಗ್ಗುಲಲ್ಲಿ ಬಾಳೆಕಾಯಿಯ ಸೊನೆ ಬಿದ್ದು ಕಪ್ಪು ಕಲೆ ನಿಂತಿರಬೇಕು. ಕಾಯಿ ತುರಿಯುವ ಹಲ್ಲುಗಳಲ್ಲಿ ಒಂದೆರಡು ಮೊಂಡಾಗಿರಬಹುದು. ಇವು ಯಾವುವೂ ನಿಮ್ಮ ಚಿತ್ರದಲ್ಲಿಲ್ಲ. ಒಬ್ಬ ಮನುಷ್ಯರ ಮೈಭಾರ, ಕೈಯ ವಾಲು, ಕೂರುವ ಭಂಗಿ ವಸ್ತುವಿನಲ್ಲಿ ಉಳಿಯುವುದು ಅದು ಸವೆದ ಕಡೆ. ಆದ್ದರಿಂದ ಹೊರರೇಖೆಯಿಂದ ಆರಂಭಿಸಬೇಡಿ. ಹೆಚ್ಚು ಸವೆದ ಜಾಗವನ್ನು ಹುಡುಕಿ, ಅಲ್ಲಿಂದ ನೆರಳು ತುಂಬುತ್ತಾ ಹೊರಕ್ಕೆ ಬನ್ನಿ, ಹೊರರೇಖೆ ಕೊನೆಗೆ ತಾನಾಗಿ ಮೂಡಲಿ. ಇದಕ್ಕೆ ಮೆತ್ತಗಿನ 2ಬಿ ಮತ್ತು 4ಬಿ ಪೆನ್ಸಿಲ್, ಸ್ವಲ್ಪ ತರಿಯಿರುವ ದಪ್ಪ ಹಾಳೆ ಸಾಕು.

ಇನ್ನೆರಡು ಮಾತು. ಮೇಜಿನ ಮೇಲಿಟ್ಟು ಬರೆಯಬೇಡಿ. ಈಳಿಗೆಮಣೆ ನೆಲದ ವಸ್ತು. ನೀವು ಚಿಕ್ಕವರಿದ್ದಾಗ ಅಮ್ಮನ ಎದುರು ಕುಳಿತು ನೋಡುತ್ತಿದ್ದ ಎತ್ತರದಿಂದಲೇ ನೋಡಿ, ಬಲ್ಬು ಆರಿಸಿ ಒಂದೇ ಕಿಟಕಿಯ ಬೆಳಕಿನಲ್ಲಿ ಬರೆಯಿರಿ. ಎರಡನೆಯದು, ಚಿತ್ರ ಬರೆಯುವ ಮೊದಲು ಕೊಡಪಾನವನ್ನು ಹುಣಸೆಹುಳಿ ಹಚ್ಚಿ ಬೆಳಗಬೇಡಿ. ಈ ಮಾತನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ನನ್ನ ಅಜ್ಜಿ ಅಕ್ಕಿ ಅಳೆಯುತ್ತಿದ್ದ ಹಿತ್ತಾಳೆಯ ಪಾವು ನನ್ನ ಪಾಲಿಗೆ ಬಂದಾಗ, ಚಿತ್ರದಲ್ಲಿ ಚೆನ್ನಾಗಿ ಹೊಳೆಯಲಿ ಎಂದು ಅದನ್ನು ಪಾಲಿಶ್ ಮಾಡಿಸಿದೆ. ಅಜ್ಜಿ ಎಡಗೈಯಲ್ಲಿ ಹಿಡಿಯುತ್ತಿದ್ದ ಕಡೆ ನಾಲ್ಕು ಬೆರಳಗಲದ ಒಂದು ಮಬ್ಬು ಪಟ್ಟಿ ಇತ್ತು, ಪಾಲಿಶ್ ಆದ ಮೇಲೆ ಅದು ಹೋಯಿತು. ತುಂಬಿದ ಅಕ್ಕಿಯನ್ನು ಅಂಗೈಯಿಂದ ಸವರಿ ಸಮ ಮಾಡಿ ಮಾಡಿ ಅಂಚಿನ ಒಂದು ಕಡೆ ತೆಳುವಾಗಿದ್ದದ್ದು ಮಾತ್ರ ಉಳಿದಿದೆ. ಇಂದಿಗೂ ನಾನು ಆ ಪಾವನ್ನು ಆ ಅಂಚಿನಿಂದಲೇ ಬರೆಯಲು ತೊಡಗುತ್ತೇನೆ.

ಇಟಲಿಯ ಬೊಲೋನ್ಯಾ ನಗರದ ಜಾರ್ಜೊ ಮೊರಾಂಡಿ (1890–1964) ಎಂಬ ಚಿತ್ರಕಾರರ ಹೆಸರು ಕೇಳಿರಬಹುದು. ತಂಗಿಯರೊಂದಿಗೆ ವಾಸವಿದ್ದ ಮನೆಯ ಒಂದು ಸಣ್ಣ ಕೋಣೆಯಲ್ಲಿ, ಅಲ್ಲೇ ಮಲಗಿ ಅಲ್ಲೇ ಕೆಲಸ ಮಾಡುತ್ತಾ, ಅವರು ದಶಕಗಳ ಕಾಲ ಕೆಲವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಮತ್ತೆ ಮತ್ತೆ ಜೋಡಿಸಿ ಬರೆದರು. ಅವುಗಳ ಮೇಲೆ ಕುಳಿತ ಧೂಳನ್ನು ಒರೆಸುತ್ತಿರಲಿಲ್ಲ. ಧೂಳು ಕುಳಿತಾಗ ಗಾಜಿನ ಥಳಕು ಇಳಿದು ವಸ್ತುವಿನ ಮೈ ಮೃದುವಾಗಿ ಕಾಣುತ್ತದೆ. ನೀವೂ ಮೂರು ವಸ್ತುಗಳನ್ನು ಒಟ್ಟಿಗೆ ಹಿಡಿಯದೆ ಒಂದು ತಿಂಗಳು ಈಳಿಗೆಮಣೆಯೊಂದನ್ನೇ ಬರೆಯಿರಿ. ನನ್ನ ಅನುಭವದಲ್ಲಿ ಆರೇಳನೆಯ ಚಿತ್ರದವರೆಗೆ ಕೈ ತನಗೆ ಗೊತ್ತಿರುವುದನ್ನೇ ಬರೆಯುತ್ತಿರುತ್ತದೆ. ಕಣ್ಣು ಮುಂದಾಗುವುದು ಆಮೇಲೆ.

ಪ್ರಶ್ನೆ: ನಮ್ಮ ಅಜ್ಜಿಯ ಚೊಂಬು ನನಗೆ ನೆನಪಿನ ಗಣಿ. ಆದರೆ ಬೇರೆಯವರಿಗೆ ಅದು ಬರಿಯ ಚೊಂಬು. ಒಂದು ಮನೆಯ ವಸ್ತುವಿನ ಚಿತ್ರ ಎಲ್ಲರದೂ ಆಗುವುದು ಹೇಗೆ? ನೆನಪನ್ನು ನಿಜವಾಗಿಯೂ ಹಂಚಿಕೊಳ್ಳಲು ಸಾಧ್ಯವೇ? (ಧಾರವಾಡದಿಂದ ಚಿತ್ರಕಲಾ ವಿದ್ಯಾರ್ಥಿ)

ಉತ್ತರ: ನಿಮ್ಮ ಅಜ್ಜಿಯ ನೆನಪು ನನ್ನದಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಿಮ್ಮ ಅಜ್ಜಿಯ ಚೊಂಬನ್ನು ನೋಡುತ್ತಾ ನಾನು ನನ್ನ ಅಜ್ಜಿಯ ಬಳಿಗೆ ಹೋಗುತ್ತೇನೆ. ಅಲ್ಲಿಂದ ಮರಳಿ ಬಂದು ನಿಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿದಾಗ, ನಿಮ್ಮದು ನನ್ನದಕ್ಕಿಂತ ಎಲ್ಲಿ ಬೇರೆ ಎಂಬುದೂ ಕಾಣುತ್ತದೆ. ನಾವು ಹಂಚಿಕೊಳ್ಳುವುದು ಹೀಗೆ ಹೋಗಿ ಬರುವ ದಾರಿಯನ್ನು ಎಂದು ನಾನು ತಿಳಿದಿದ್ದೇನೆ.

ಆ ದಾರಿ ತೆರೆಯಬೇಕಾದರೆ ಕಲಾವಿದ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬುದನ್ನು ಅಳೆದು ನೋಡಬೇಕು. ಅಲಿಗಢದಲ್ಲಿ 1937ರಲ್ಲಿ ಹುಟ್ಟಿ, ಬದುಕಿನ ಬಹುಪಾಲು ಹೊರದೇಶಗಳಲ್ಲಿ ಕಳೆದ ಕಲಾವಿದೆ ಝರೀನಾ ಅವರು 1999ರಲ್ಲಿ ಮೂವತ್ತಾರು ಮರದಚ್ಚಿನ ಚಿತ್ರಗಳ ಒಂದು ಮಾಲೆಯನ್ನು ಮಾಡಿದರು. ಮನೆ ಎಂಬುದೇ ಪರದೇಶವಾದ ಸ್ಥಿತಿಯನ್ನು ಕುರಿತ ಆ ಮಾಲೆಯಲ್ಲಿ ಹೊಸ್ತಿಲು, ಬಾಗಿಲು, ಅಂಗಳ ಮುಂತಾದವು ಕೆಲವೇ ಕಪ್ಪು ಗೆರೆಗಳಾಗಿ, ಒಂದೊಂದರ ಕೆಳಗೂ ಅದರ ಉರ್ದು ಪದದೊಂದಿಗೆ ನಿಂತಿವೆ. ಉರ್ದು ಬಾರದ ನಾನು ಆ ಮಾಲೆಯ ಅಚ್ಚುಗಳನ್ನು ನೋಡುವಾಗ ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಂತಿದ್ದೆ. ಅವರು ಹೊಸ್ತಿಲಿನ ಮೇಲೆ ಹೂಬಳ್ಳಿಯನ್ನೋ ಹಿತ್ತಾಳೆ ಪಟ್ಟಿಯನ್ನೋ ಕೆತ್ತಿದ್ದರೆ ನಾನು ಅವರ ಮನೆಯ ಹೊರಗೇ ಉಳಿಯುತ್ತಿದ್ದೆ.

ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ದಾರಿಯೂ ಇದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕಲಾವಿದೆ ಶೀಲಾ ಗೌಡ ಅವರು 2009ರ ವೆನಿಸ್ ಬಿನಾಲೆಯಲ್ಲಿ, ಎಂದರೆ ಇಟಲಿಯ ವೆನಿಸ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ, ಒಂದು ಕೃತಿಯನ್ನು ತೋರಿಸಿದರು. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಸಾವಿರ ಮೀಟರ್ ಹಗ್ಗ, ಅದಕ್ಕೆ ತೂಗುಬಿಟ್ಟ ಇಪ್ಪತ್ತರಷ್ಟು ಕಾರಿನ ಬಂಪರುಗಳು, ಇಷ್ಟೇ ಅದರ ಸಾಮಗ್ರಿ. ಹರಕೆಗೆ ಮುಡಿ ಕೊಡುವುದನ್ನೂ, ದೃಷ್ಟಿಯಾಗದಿರಲೆಂದು ಗಾಡಿಯ ಬಂಪರಿಗೆ ಕೂದಲಿನ ಹಗ್ಗ ಕಟ್ಟುವುದನ್ನೂ ನಮ್ಮ ಊರುಗಳಲ್ಲಿ ಕಾಣದವರಿಲ್ಲ. ರಸ್ತೆಯಲ್ಲಿ ದಿನವೂ ಕಂಡು ಮರೆಯುವ ಆ ತುಂಡು ಹಗ್ಗ, ಗೋಡೆಯ ತುಂಬ ಜೋತು ಬಿದ್ದಾಗ, ಹೆಸರಿಲ್ಲದ ಸಾವಿರಾರು ಜನರ ಹರಕೆಯೂ ಭಯವೂ ಒಟ್ಟಿಗೆ ಎದುರು ನಿಂತಂತಾಗುತ್ತದೆ. ಇಲ್ಲಿ ವಸ್ತು ಯಾರೊಬ್ಬರ ಮನೆಯದೂ ಅಲ್ಲದಿದ್ದರೂ ನೋಡುವವರನ್ನು ತಟ್ಟುತ್ತದೆ. ಜಪಾನಿನ ಚಿಹರು ಶಿಯೋಟ ಅವರು 2015ರ ವೆನಿಸ್ ಬಿನಾಲೆಯಲ್ಲಿ, ಜನರಿಂದ ಕೇಳಿ ತರಿಸಿಕೊಂಡ ಐವತ್ತು ಸಾವಿರಕ್ಕೂ ಹೆಚ್ಚು ಹಳೆಯ ಬೀಗದ ಕೈಗಳನ್ನು ಕೆಂಪು ದಾರದ ಬಲೆಯಲ್ಲಿ ತೂಗಿಬಿಟ್ಟದ್ದೂ ಇದೇ ಬಗೆಯದು.

ಪಾತ್ರೆಗಳ ಮಾತು ಬಂದರೆ ಬಿಹಾರದ ಖಗೌಲ್‌ನಲ್ಲಿ 1964ರಲ್ಲಿ ಹುಟ್ಟಿದ ಸುಬೋಧ್ ಗುಪ್ತ ಅವರನ್ನು ಬಿಡುವಂತಿಲ್ಲ. ಸ್ಟೀಲಿನ ತಟ್ಟೆ, ಲೋಟ, ಬಕೆಟ್ಟುಗಳನ್ನು ರಾಶಿ ಹಾಕಿ ಅವರು 2008ರಲ್ಲಿ ಮಾಡಿದ, ಅಣುಸ್ಫೋಟದ ಅಣಬೆಮೋಡದ ಆಕಾರದ ಕೃತಿ ಬೆರಗು ಹುಟ್ಟಿಸುವುದು ನಿಜ. ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ರಾಶಿ ದೊಡ್ಡದಾದಷ್ಟೂ ಒಂದೊಂದು ತಟ್ಟೆಯ ತಗ್ಗು, ಗೀರು ಕಣ್ಣಿಗೆ ಸಿಗದೆ ಹೋಗುತ್ತದೆ. ಧಾರವಾಡದಲ್ಲಿರುವ ನಿಮಗೆ ನಾನು ಸೂಚಿಸುವುದು ಮುಯ್ಯಿಯಾಗಿ ಬಂದ ಒಂದು ಸ್ಟೀಲಿನ ಪಾತ್ರೆಯನ್ನು. ಅದರ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿರುತ್ತಾರೆ: ಯಾರು ಕೊಟ್ಟರು, ಯಾರ ಮದುವೆಗೆ, ಯಾವ ತಾರೀಖು. ಜಾಗ ಸಾಲದೆ ಕೊನೆಯ ಅಕ್ಷರಗಳು ಒತ್ತೊತ್ತಾಗಿರುತ್ತವೆ, ಒಮ್ಮೊಮ್ಮೆ ಒತ್ತಕ್ಷರವೇ ಬಿಟ್ಟುಹೋಗಿರುತ್ತದೆ. ಕೊಟ್ಟವರೂ ಪಡೆದವರೂ ಇಲ್ಲವಾದ ಮೇಲೂ ಪಾತ್ರೆ ಮೂರನೆಯ ತಲೆಮಾರಿನ ಅಡುಗೆಮನೆಯಲ್ಲಿ ಹಿಟ್ಟು ತುಂಬಿಕೊಂಡು ಕುಳಿತಿರುತ್ತದೆ. ಆ ಚುಕ್ಕಿಗಳ ಮೇಲೆ ತೆಳುವಾದ ಕಾಗದವಿಟ್ಟು ಮೆತ್ತಗಿನ ಪೆನ್ಸಿಲ್ಲಿನಿಂದ ಉಜ್ಜಿದರೆ ಹೆಸರು ತಾನಾಗಿ ಕಾಗದಕ್ಕೆ ಬರುತ್ತದೆ. ನಿಮ್ಮ ಓಣಿಯ ಹತ್ತು ಮನೆಗಳಲ್ಲಿ ಕೇಳಿಕೊಂಡು ಹೀಗೆ ಉಜ್ಜಿದ ಹೆಸರುಗಳನ್ನು ಒಂದು ಗೋಡೆಯ ಮೇಲೆ ಸಾಲಾಗಿ ಹಚ್ಚಿ ನೋಡಿ. ಒಂದು ಓಣಿಯ ನಂಟಸ್ತಿಕೆ ಕಣ್ಣಿಗೆ ಕಾಣುವ ರೂಪ ಅದು. ಪಾತ್ರೆಯ ಒಡೆಯರ ಒಪ್ಪಿಗೆಯನ್ನು ಮಾತ್ರ ಮೊದಲೇ ಪಡೆಯಿರಿ.

ಪ್ರಶ್ನೆ: ಮೈಸೂರಿನ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಇಂಥ ಕಡೆ ನಿಜವಾದ ಬೀಸುವ ಕಲ್ಲು, ಕೊಳಗ, ಬಳ್ಳಗಳೇ ಇರುವಾಗ ಅವುಗಳ ಚಿತ್ರ ಏಕೆ ಬೇಕು? (ಮಂಡ್ಯದಿಂದ ನಿವೃತ್ತ ಶಿಕ್ಷಕರು)

ಉತ್ತರ: ಗುರುಗಳೇ, ಎರಡೂ ಬೇಕು. ಆ ಸಂಗ್ರಹಗಳ ಋಣ ದೊಡ್ಡದು. ಎಚ್.ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟದಿದ್ದರೆ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಪಾತ್ರೆ ಪರಿಕರಗಳನ್ನು ಜೋಪಾನ ಮಾಡದಿದ್ದರೆ, ನಾನು ಇಲ್ಲಿ ಹೇಳುತ್ತಿರುವ ಎಷ್ಟೋ ವಸ್ತುಗಳು ಗುಜರಿಗೆ ಹೋಗಿ ಕರಗುತ್ತಿದ್ದವು. ನೀವು ಹೇಳಿದ ಮೈಸೂರಿನ ಮಾನಸಗಂಗೋತ್ರಿಯ ಜಾನಪದ ಸಂಗ್ರಹಕ್ಕಾಗಿ ಹಳ್ಳಿ ಹಳ್ಳಿ ತಿರುಗಿದ ಪಿ.ಆರ್. ತಿಪ್ಪೇಸ್ವಾಮಿ ಅವರು ಸ್ವತಃ ಜಲವರ್ಣದ ಒಳ್ಳೆಯ ಚಿತ್ರಕಾರರಾಗಿದ್ದರು. ಅವರಲ್ಲಿ ಬರೆಯುವ ಕಣ್ಣೂ ಕೂಡಿಡುವ ಕೈಯೂ ಜೊತೆಯಲ್ಲೇ ಇದ್ದವು.

ಆದರೆ ಸಂಗ್ರಹಾಲಯದಲ್ಲಿ ಬೀಸುವ ಕಲ್ಲು ನಿಂತಿರುತ್ತದೆ. ಅದು ತಿರುಗುತ್ತಿದ್ದಾಗ ಸುತ್ತ ಚೆಲ್ಲುತ್ತಿದ್ದ ಹಿಟ್ಟು, ಗೂಟ ಹಿಡಿದ ಇಬ್ಬರ ಕೈ ಒಂದರ ಮೇಲೊಂದು ಬರುತ್ತಿದ್ದ ಬಗೆ, ನಸುಕಿನ ಬುಡ್ಡಿದೀಪ ಅಲ್ಲಿಲ್ಲ. ಚಿತ್ರ ಇವುಗಳಲ್ಲಿ ಒಂದನ್ನಾದರೂ ಮರಳಿ ತರಬಲ್ಲದು. ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಮೊಬೈಲುಗಳನ್ನು ಒಂದು ಗಂಟೆ ಚೀಲದಲ್ಲಿಡಿಸಿ, ಪ್ರತಿಯೊಬ್ಬರೂ ಒಂದೇ ವಸ್ತುವಿನ ಮುಂದೆ ಕುಳಿತು ಬರೆಯುವಂತೆ ಮಾಡಿ ಎಂದು ನನ್ನ ವಿನಂತಿ.

ಪ್ರಶ್ನೆ: ನಾವು ಸಿಂಗಪುರದಲ್ಲಿ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಊರಿನಿಂದ ತಂದ ಒಂದೊಂದು ವಸ್ತುವನ್ನು ಇಟ್ಟುಕೊಂಡು ಎಲ್ಲರೂ ಚಿತ್ರ ಬರೆಯೋಣ ಎಂದುಕೊಂಡಿದ್ದೇವೆ. ಹೆಚ್ಚಿನವರಿಗೆ ಚಿತ್ರ ಬರೆದು ಅಭ್ಯಾಸವಿಲ್ಲ. ಹೇಗೆ ನಡೆಸಬೇಕು?

ಉತ್ತರ: ಒಂದು ನಿಯಮ ಮಾತ್ರ ಇಟ್ಟುಕೊಳ್ಳಿ: ಯಾರೂ ತಮ್ಮ ವಸ್ತುವನ್ನು ತಾವೇ ಬರೆಯಬಾರದು. ಇಬ್ಬಿಬ್ಬರಾಗಿ ಎದುರು ಬದುರು ಕುಳಿತು ವಸ್ತುಗಳನ್ನು ಬದಲಾಯಿಸಿಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಒಬ್ಬರ ವಸ್ತುವನ್ನು ಇನ್ನೊಬ್ಬರು, ಏನೂ ಕೇಳದೆ, ಕಂಡಂತೆ ಬರೆಯಲಿ. ಆಮೇಲೆ ಒಡೆಯರು ಅದರ ಕಥೆಯನ್ನು ಹೇಳಲಿ. ಬರೆಯುವವರು ನಡುವೆ ಪ್ರಶ್ನೆ ಕೇಳಲಿ: ಯಾವ ಕೈಯಲ್ಲಿ ಹಿಡಿಯುತ್ತಿದ್ದರು, ಎಲ್ಲಿ ತೂಗುಹಾಕುತ್ತಿದ್ದರು, ಈ ತಗ್ಗು ಬಿದ್ದದ್ದು ಯಾವಾಗ? ಅದಾದ ನಂತರ ಅದೇ ವಸ್ತುವನ್ನು ಹೊಸ ಹಾಳೆಯಲ್ಲಿ ಎರಡನೆಯ ಸಲ ಬರೆಯಲಿ.

ಇದನ್ನು ನಾನು ಹಲವು ಬಾರಿ ಮಾಡಿಸಿ ನೋಡಿದ್ದೇನೆ. ಒಮ್ಮೆ ಒಬ್ಬ ಹುಡುಗ ತನ್ನ ತಾತನ ಅಡಕತ್ತರಿಯನ್ನು ತಂದಿದ್ದ. ಅದನ್ನು ಬರೆಯಲು ಸಿಕ್ಕಿದ ಹುಡುಗಿಯ ಮೊದಲ ಚಿತ್ರದಲ್ಲಿ ಅದು ಮುಚ್ಚಿತ್ತು, ಎರಡು ಹಿಡಿಗಳೂ ಒಂದೇ ಅಳತೆಯಲ್ಲಿದ್ದವು. ತಾತನಿಗೆ ಕೊನೆಯ ವರ್ಷಗಳಲ್ಲಿ ಹೆಬ್ಬೆರಳು ಮಡಚಲಾಗುತ್ತಿರಲಿಲ್ಲ, ಅದಕ್ಕೆ ಒಂದು ಹಿಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು ಎಂದು ಹುಡುಗ ಹೇಳಿದ. ಆ ಬಟ್ಟೆ ಈಗ ಇರಲಿಲ್ಲ, ಆದರೆ ಅದನ್ನು ಸುತ್ತುತ್ತಿದ್ದ ಕಡೆ ಕಬ್ಬಿಣಕ್ಕೆ ತುಕ್ಕು ಹಿಡಿದಿರಲಿಲ್ಲ. ಎರಡನೆಯ ಚಿತ್ರದಲ್ಲಿ ಆ ಹುಡುಗಿ ಅಡಕತ್ತರಿಯನ್ನು ಅರ್ಧ ತೆರೆದಂತೆ ಬರೆದು, ತುಕ್ಕಿಲ್ಲದ ಆ ಭಾಗವನ್ನು ಹಾಳೆಯ ಬಿಳುಪಿನಲ್ಲೇ ಬಿಟ್ಟಿದ್ದಳು. ಹುಡುಗ ಆ ವಸ್ತುವನ್ನು ಅಷ್ಟು ವರ್ಷ ಜೊತೆಯಲ್ಲಿಟ್ಟುಕೊಂಡಿದ್ದರೂ ತುಕ್ಕಿಲ್ಲದ ಜಾಗವನ್ನು ಗಮನಿಸಿದ್ದು ಅಂದೇ ಮೊದಲು ಎಂದು ಹೇಳಿದ.

ಎರಡೂ ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿ. ಕಥೆ ಕೇಳುವ ಮುನ್ನ ಕಂಡದ್ದು, ಕೇಳಿದ ಮೇಲೆ ಕಂಡದ್ದು ಎರಡರ ನಡುವಿನ ವ್ಯತ್ಯಾಸವನ್ನು ನೋಡಲೆಂದೇ ನೀವು ಸೇರುತ್ತಿರುವುದು. ಅಭ್ಯಾಸವಿಲ್ಲ ಎಂಬ ಅಳುಕು ಬೇಡ. ಪ್ಲಾಸ್ಟಿಕ್ಕಿನ ಮಗ್ಗು, ಉಪ್ಪಿನಕಾಯಿ ಕಳಿಸಿದ ಹಾರ್ಲಿಕ್ಸ್ ಬಾಟಲಿ ಏನಿದ್ದರೂ ತರಲು ಹೇಳಿ. ಪುರಾತನವಾದದ್ದೇ ಆಗಬೇಕೆಂದರೆ ಮಕ್ಕಳ ಬಳಿ ತರಲು ಏನೂ ಇರುವುದಿಲ್ಲ.

ಪ್ರಶ್ನೆ: ಅಪಘಾತದಲ್ಲಿ ತೀರಿಕೊಂಡ ತಮ್ಮನ ಚಪ್ಪಲಿಗಳು ನಮ್ಮ ಮನೆಯಲ್ಲಿವೆ. ನಾನು ಅವುಗಳ ಚಿತ್ರ ಬರೆಯಲು ಹೊರಟಾಗ ಅಮ್ಮ ಬೇಡವೆಂದರು. ಬರೆಯುವುದು ತಪ್ಪೇ? (ಊರಿನ ಹೆಸರು ಬೇಡ ಎಂದವರು)

ಉತ್ತರ: ಬರೆಯಬೇಕೆನ್ನಿಸಿದ್ದು ತಪ್ಪಲ್ಲ. ಆದರೆ ಅಮ್ಮ ಬೇಡವೆಂದಿರುವಾಗ ಈಗ ಬರೆಯಬೇಡಿ. ಅವರ ಪಾಲಿಗೆ ಆ ಚಪ್ಪಲಿಗಳು ಇನ್ನೂ ನೋಡುವ ವಸ್ತುಗಳಾಗಿಲ್ಲ.

ಜಪಾನಿನ ಛಾಯಾಚಿತ್ರಕಾರ್ತಿ ಇಶಿಯುಚಿ ಮಿಯಾಕೊ ಅವರು 2000ದಲ್ಲಿ ತೀರಿಕೊಂಡ ತಮ್ಮ ತಾಯಿಯ ಲಿಪ್‌ಸ್ಟಿಕ್, ಒಳ ಉಡುಪು, ಕೂದಲು ಸಿಕ್ಕಿಕೊಂಡ ಬಾಚಣಿಗೆಗಳ ಚಿತ್ರ ತೆಗೆದರು. ಆ ಮಾಲೆ 2005ರಲ್ಲಿ ವೆನಿಸ್ ಬಿನಾಲೆಯ ಜಪಾನ್ ಮಂಟಪದಲ್ಲಿ ಪ್ರದರ್ಶನಗೊಂಡಿತು. 2007ರಿಂದ ಅವರು ಹಿರೋಶಿಮಾದ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿರುವ, ಬಾಂಬಿಗೆ ಬಲಿಯಾದವರ ಉಡುಪುಗಳ ಚಿತ್ರಗಳನ್ನು ತೆಗೆಯತೊಡಗಿದರು. ಸುಟ್ಟ ಅಂಚಿನ ಆ ಅಂಗಿಗಳನ್ನು ಅವರು ಬಣ್ಣದಲ್ಲಿ, ಹಿಂದಿನಿಂದ ಬೆಳಕು ಹಾಯಿಸಿ ತೋರಿಸಿದ್ದಾರೆ. ಹೂವಿನ ನಮೂನೆ, ಕೈಹೊಲಿಗೆಯ ಗುಂಡಿಮನೆ, ತೋಳಿನ ಅಳತೆ ಎಲ್ಲವೂ ಕಾಣುತ್ತವೆ. ಆಗ ಅದನ್ನು ತೊಟ್ಟ ಹುಡುಗಿಗೆ ಆ ಬಟ್ಟೆ ಇಷ್ಟವಾಗಿತ್ತು ಎಂಬುದು ಮೊದಲು ಹೊಳೆಯುತ್ತದೆ, ಸಾವು ಆಮೇಲೆ ನೆನಪಾಗುತ್ತದೆ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಅವರು 1990ರ ದಶಕದಲ್ಲಿ, ಅಲ್ಲಿನ ಹಿಂಸಾಚಾರದಲ್ಲಿ ಕಣ್ಮರೆಯಾದವರ ಪಾದರಕ್ಷೆಗಳನ್ನು ಗೋಡೆಯ ಗೂಡುಗಳಲ್ಲಿಟ್ಟು, ಮೇಲೆ ಹಸುವಿನ ಮೂತ್ರಕೋಶದ ತೆಳುಪೊರೆಯನ್ನು ಹೊದಿಸಿ, ಗಾಯಕ್ಕೆ ಹಾಕುವ ದಾರದಿಂದ ಹೊಲಿದರು. ಪೊರೆಯ ಹಿಂದೆ ಚಪ್ಪಲಿ ಮಸುಕಾಗಿ ಕಾಣುತ್ತದೆ. ಕಣ್ಮರೆಯಾದವರ ಬಂಧುಗಳ ಸಂಕಟವನ್ನು ಸಾಲ್ಸೆಡೊ ಅವರು ಬಳಿ ಕುಳಿತು ಕೇಳಿದ್ದರು.

ಅಮ್ಮ ಒಪ್ಪುವವರೆಗೆ ತಮ್ಮನ ಬೇರೆ ಯಾವುದಾದರೂ ವಸ್ತುವಿನಿಂದ ಆರಂಭಿಸಬಹುದೇ ಎಂದು ಅವರನ್ನೇ ಕೇಳಿ. ಅವನ ಊಟದ ತಟ್ಟೆಯೋ, ಶಾಲೆಯ ಕಂಪಾಸ್ ಪೆಟ್ಟಿಗೆಯೋ ಆಗಬಹುದು. ಅವರು ತಾವಾಗಿ ಕೈಗೆ ಕೊಟ್ಟದ್ದನ್ನು ಅವರ ಎದುರಿಗೇ ಕುಳಿತು ಬರೆಯಿರಿ. ಚಪ್ಪಲಿಗಳು ಇದ್ದಲ್ಲೇ ಇರಲಿ.

ಪ್ರಶ್ನೆ: ಚಿತ್ರದ ಕೆಳಗೆ ವಸ್ತುವಿನ ಕಥೆಯನ್ನು ಬರೆಯಬೇಕೇ? (ಬಳ್ಳಾರಿಯಿಂದ ಓದುಗರು)

ಉತ್ತರ: ಮುಂದೆ ಬೇಡ, ಹಿಂದೆ ಬರೆಯಿರಿ. ಮುಂದೆ ಬರೆದರೆ ಜನ ಓದಿ ಮುಂದೆ ಹೋಗುತ್ತಾರೆ, ನೋಡುವುದಿಲ್ಲ. ಆದರೆ ಹಾಳೆಯ ಹಿಂಬದಿಯನ್ನು ಖಾಲಿ ಬಿಡಬೇಡಿ. ಇನ್ನು ಐವತ್ತು ವರ್ಷಕ್ಕೆ ಆ ವಸ್ತುವಿನ ಹೆಸರೇ ಮನೆಯವರಿಗೆ ತಿಳಿಯದೆ ಹೋಗಬಹುದು. ನಿಮ್ಮ ಮನೆಯಲ್ಲಿ ಅದನ್ನು ಏನೆನ್ನುತ್ತಿದ್ದರೋ ಆ ಮಾತಿನಲ್ಲೇ ಹೆಸರು ಬರೆಯಿರಿ. ಕರಾವಳಿಯವರು ಮೆಟ್ಟುಕತ್ತಿ ಎಂದೇ ಬರೆಯಲಿ, ನಿಮ್ಮ ಕಡೆಯವರು ಈಳಿಗೆ ಎಂದೇ ಬರೆಯಲಿ. ಯಾರು ಬಳಸುತ್ತಿದ್ದರು, ಮನೆಯ ಯಾವ ಮೂಲೆಯಲ್ಲಿ ಇರುತ್ತಿತ್ತು, ಕಥೆಯನ್ನು ಹೇಳಿದವರು ಯಾರು, ಚಿತ್ರ ಬರೆದ ದಿನ ಯಾವುದು ಎಂಬಿಷ್ಟು ಸಾಕು. ಶಾಯಿ ಹಾಳೆಯ ಇನ್ನೊಂದು ಬದಿಗೆ ಇಳಿಯುತ್ತದೆ, ಬಾಲ್‌ಪೆನ್ನು ಒತ್ತಿ ಬರೆದರೆ ಮುಂದಿನ ಬದಿಯಲ್ಲಿ ಉಬ್ಬುತ್ತದೆ. ಪೆನ್ಸಿಲ್ಲಿನಲ್ಲಿ, ಹಗುರವಾಗಿ, ಅಂಚಿನ ಬಳಿ ಬರೆಯಿರಿ.